ಸೀರೆಗೆ ಹೊಗೆ ತಾಗಬಾರದು

ಗೆಳೆಯರೇ, ಇವತ್ತು ಬನಹಟ್ಟಿಯಲ್ಲಿ ಒಂದು ಸೀರೆಯ ಮುಂದೆ ನನ್ನ ಬೆಲೆ ಎಷ್ಟೆಂದು ಗೊತ್ತಾಯಿತು.

ಅಕ್ಕ ಹೇಳಿಟ್ಟಿದ್ದ ಸೀರೆ ತರಲು ನೇಕಾರ ಗುರುಪಾದ ಕಾಕಾ ಅವರ ಮನೆಗೆ ಹೋಗಿದ್ದೆ. ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ಸಿಗರೇಟು ಹಚ್ಚಿದೆನೋ ಇಲ್ಲವೋ, ಕಾಕಾ ಮಗ್ಗ ನಿಲ್ಲಿಸಿ ಗುಡುಗಿದರು: “ಏ ತಮ್ಮಾ, ಹೊರಗ ನಡಿ! ಸೀರಿಗಿ ವಾಸನಿ ಹತ್ತಿತಂದ್ರ ಯಾರ ತಗೋತಾರ?”

ಎಂಥ ಶಿಸ್ತಿನ ಮನುಷ್ಯ ಎಂದುಕೊಂಡು ಅಂಗಳಕ್ಕೆ ಬಂದೆ. ಬೆನ್ನ ಹಿಂದೆಯೇ ಕಾಕಾ ಬಂದರು. “ನನಗೂ ಒಂದ ಕೊಡಲೇ.”

ಮೊದಲ ದಮ್ಮಿಗೇ ಅವರು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆಯ ಮಗ್ಗದ ಸದ್ದೇ ಕೇಳಿಸದಾಯಿತು.

“ಕಾಕಾ, ಕಮ್ಮಿ ಮಾಡ್ರಿ,” ಎಂದೆ. ನನ್ನ ಬಾಯಲ್ಲೂ ಒಂದು ಉರಿಯುತ್ತಿತ್ತು.

“ಒಳಗ ಸೇದಂಗಿಲ್ಲಲೇ ನಾ. ಮೂವತ್ತ ವರ್ಷ ಆತು, ಒಂದ ಸೀರಿ ವಾಪಸ್ ಬಂದಿಲ್ಲ,” ಎಂದರು ಹೆಮ್ಮೆಯಿಂದ.

ಒಳಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿ, ನಮ್ಮ ಕಾಕು, ಎದ್ದು ಬಂದರು. “ಸೀರಿಗಿ ವಾಸನಿ ಹತ್ತಿದ್ರ ಎರಡ ದಿನ ಹಗ್ಗಕ್ಕ ಹಾಕಿದ್ರ ಹೋಗತೈತಿ. ನಿಮ್ಮಿಬ್ಬರ ಎದಿ ಹೊಗಿ ಹಿಡದೈತಲ್ಲ, ಅದನ್ನ ಯಾವ ಹಗ್ಗಕ್ಕ ಹಾಕ್ಲಿ?”

ಕಾಕಾ ತಕ್ಷಣ ಸಿಗರೇಟು ಆರಿಸಿದರು. ಆರಿಸಿ, ಉಳಿದರ್ಧವನ್ನು ಜೋಪಾನವಾಗಿ ಕಿವಿಯ ಮೇಲೆ ಇಟ್ಟುಕೊಂಡರು.

ಕಾಕು ಸೀರೆಯನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ಕೊಟ್ಟರು.

“ಮಳಿ ಇಲ್ಲಲ್ರೀ ಕಾಕು?”

“ಮಳಿಗಲ್ಲೋ, ನಿನಗ ಅಂಜಿ.”

ಸೀರೆ ಜಮಖಂಡಿಯ ಅಕ್ಕನ ಮನೆಗೆ ಕ್ಷೇಮವಾಗಿ ಮುಟ್ಟಿದೆ. ತಂದವನು ಕೆಮ್ಮುತ್ತಾ ಇದನ್ನು ಬರೆಯುತ್ತಿದ್ದಾನೆ.