ಹೂವು ಮುಡಿಸಿದ ಲೇತ್

ನಗರಸಭೆಯವರು ಸಣ್ಣ ಕಸುಬಿನವರಿಗೆ ಸಹಾಯಧನ ಕೊಡುತ್ತಾರೆ ಎಂಬ ಸುದ್ದಿ ಬಂದಾಗ ನಾನು ನಂಬಲಿಲ್ಲ. ಸೊಸೆ ನಂಬಿದಳು. ಚನ್ನಪಟ್ಟಣದ ನಮ್ಮ ಮನೆಗೆ ಅಂಟಿಕೊಂಡಂತೆ ಒಂದು ಶೀಟಿನ ಶೆಡ್ಡಿದೆ. ಅದರೊಳಗೆ ಮರದ ಗೊಂಬೆ ಕಡೆಯುವ ಲೇತ್ ಇದೆ. ನಡೆಸುವವಳು ಸೊಸೆ. ಅದರ ಮೋಟಾರು ಸಾಯುತ್ತಾ ಬಂದಿತ್ತು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಕೈಯಿಂದ ಬೆಲ್ಟು ಎಳೆದು ಬಿಟ್ಟರೆ ಮಾತ್ರ ಹೊರಡುತ್ತಿತ್ತು. ಹೊಸ ಮೋಟಾರು ಬರದಿದ್ದರೆ ಶೆಡ್ಡು ಮುಚ್ಚಿ ಗಾರ್ಮೆಂಟ್ಸ್ ಬಸ್ಸು ಹತ್ತುತ್ತೇನೆ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆಂದೇನೂ ಇರಲಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂಬುದು ಸಭೆಯವರ ಇಷ್ಟ. ಅದಕ್ಕೆ ಮುಂಚೆ ಅಧಿಕಾರಿಯೊಬ್ಬ ಬಂದು ಕಸುಬು ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಿ ಬರೆದುಕೊಡಬೇಕು. ಹೋದ ಸಲ ಯಾರೋ ಬಾಡಿಗೆಗೆ ಮಿಷನ್ ತಂದಿಟ್ಟು ತೋರಿಸಿ ಹಣ ಹೊಡೆದಿದ್ದರಂತೆ. ಅದಕ್ಕೇ ಈ ಬಿಗಿ.

ಅಧಿಕಾರಿ ಬರುವ ದಿನ ನಾನು ಹಾಲು ತರಲು ಹೋಗಿದ್ದೆ. ವಾಪಸು ಬಂದರೆ ಶೆಡ್ಡಿನ ಗುರುತೇ ಸಿಗಲಿಲ್ಲ. ವರ್ಷವಿಡೀ ನೆಲದ ಮೇಲೆ ಬಿದ್ದಿರುವ ಮರದ ಹೊಟ್ಟು ಒಂದು ಚೂರೂ ಇಲ್ಲ. ಸಾರಿಸಿ ರಂಗೋಲಿ ಬಿಟ್ಟಿದ್ದಾಳೆ. ಲೇತಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಕೆಂಗಲ್ ಆಂಜನೇಯನ ಸಿಂಧೂರ. ಉಳಿಗಳನ್ನು ತೊಳೆದು ಜೋಡಿಸಿ ಒಂದೊಂದಕ್ಕೂ ಬೊಟ್ಟು ಇಟ್ಟಿದ್ದಾಳೆ.

"ಇದೇನಮ್ಮಿ, ಆಯುಧಪೂಜೆ ಇವತ್ತೇ ಬಂದ್ಬುಡ್ತಾ?"

"ಒಳ್ಳೆ ಕೆಲ್ಸಕ್ಕೆ ಬತ್ತಾವ್ರೆ ಅತ್ತೆ. ಒಸಿ ಲಕ್ಷಣವಾಗಿರ್ಲಿ ಅಂತ."

"ಪೂಜೆ ಮಾಡಿದ್ದನ್ನ ನಾಳೆಗಂಟ ಮುಟ್ಟಂಗಿಲ್ಲ ಅಂತೀಯಲ್ಲ, ಓಡ್ಸು ಅಂದ್ರೆ ಏನ್ ಮಾಡ್ತೀಯೆ?"

ಅವಳ ಮುಖ ಇಳಿಯಿತು. ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು.

ಅಧಿಕಾರಿ ಇನ್ನೂ ಹುಡುಗ. ಬಾಗಿಲಲ್ಲೇ ನಿಂತು ಮೊದಲು ನೆಲ ನೋಡಿದ.

"ಯಾವತ್ತು ತಂದಿದ್ದಮ್ಮ ಈ ಮಿಷನ್ನು?"

"ನಾನ್ ಮದ್ವೆಯಾಗಿ ಬಂದಾಗಿಂದ ಐತೆ ಸಾರ್."

"ಹೊಟ್ಟಿಲ್ಲ, ಧೂಳಿಲ್ಲ. ಗೊಂಬೆ ಕಡೆಯೋ ಜಾಗ ಹಿಂಗಿರುತ್ತಾ?"

"ನೀವ್ ಬತ್ತೀರಿ ಅಂತ ಗುಡ್ಸಿದ್ದು."

"ನಾನ್ ಬರ್ತೀನಿ ಅಂತಾನೇ ತಂದಿಟ್ಟಂಗೂ ಐತೆ. ಓಡ್ಸಿ ತೋರ್ಸಿ."

"ನಾಳೆ ಬೆಳಿಗ್ಗೆ ಬನ್ನಿ ಸಾರ್. ಪೂಜೆ ಮಾಡ್ಬುಟ್ಟಿದೀನಿ."

"ನಾಳೆ ಮೀಟಿಂಗು. ಸಂಜೆಯೊಳಗೆ ನಾನು ರಿಪೋರ್ಟ್ ಕೊಡ್ಬೇಕು. ಓಡಿಸ್ದಿದ್ರೆ ಕಸುಬು ನಡೀತಿಲ್ಲ ಅಂತ ಬರೀತೀನಿ, ಅಷ್ಟೇ."

ಅವಳು ಕದಲಲಿಲ್ಲ. ನನ್ನ ಮಗ, ಅಂದರೆ ಅವಳ ಗಂಡ, ಒಂದು ಆಯುಧಪೂಜೆಯ ದಿನ ಅರ್ಜೆಂಟ್ ಆರ್ಡರ್ ಎಂದು ಹಾರ ಪಕ್ಕಕ್ಕಿಟ್ಟು ಇದೇ ಲೇತ್ ಓಡಿಸಿ ಎರಡು ಬೆರಳು ಕಳೆದುಕೊಂಡ. ಈಗ ಆಟೋ ಓಡಿಸುತ್ತಾನೆ. ಅದು ದೇವರ ಮುನಿಸು ಎಂದು ಅವಳು. ಬೆಲ್ಟಿಗೆ ಕೈ ಕೊಟ್ಟರೆ ಯಾವ ದಿನವಾದರೂ ಬೆರಳು ಹೋಗುತ್ತದೆ ಎಂದು ನಾನು. ಆ ಜಗಳ ನಮ್ಮಿಬ್ಬರಲ್ಲಿ ಮುಗಿದೇ ಇಲ್ಲ.

ಅಧಿಕಾರಿ ಪೆನ್ನಿನ ಕ್ಯಾಪು ತೆಗೆದ. ನಾನು ಹೋಗಿ ಹಾರ ಕಿತ್ತು ಗೂಟಕ್ಕೆ ಹಾಕಿದೆ.

"ನೀನ್ ಓಡಿಸ್ದಿದ್ರೆ ನಾನ್ ಓಡಿಸ್ತೀನಿ ಬುಡು. ಈ ವಯಸ್ನಾಗೆ ಮುದ್ದೆ ಮುರಿಯೋಕೆ ನಾಕ್ ಬೆರಳು ಉಳಿದ್ರೆ ಸಾಕು."

"ಸರ್ಕೊಳಿ ಅತ್ತೆ ಅತ್ಲಾಗೆ!" ನನ್ನ ರಟ್ಟೆ ಹಿಡಿದು ತಳ್ಳಿಯೇಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲೆ ಮರದ ತುಂಡೊಂದನ್ನು ಲೇತಿಗೆ ಬಡಿದು ಕೂರಿಸಿ ಸ್ವಿಚ್ ಹಾಕಿದಳು. ಗುಂಯ್. ಬೆಲ್ಟು ಹಿಡಿದು ಎಳೆದಳು. ತಿರುಗಲಿಲ್ಲ. ಸುಟ್ಟ ವಾಸನೆ ಬಂತು.

"ಏ, ಕೈ ತೆಗೀರಮ್ಮ! ಹೋಗ್ಬಿಡುತ್ತೆ!" ಅಧಿಕಾರಿ ಕೂಗಿಕೊಂಡ. ಫೋಟೋ ತೆಗೆಯಲು ಎತ್ತಿದ್ದ ಮೊಬೈಲು ಅವನ ಕೈಯಲ್ಲಿ ಹಾಗೇ ನಿಂತಿತ್ತು.

ಅವಳು ಕಣ್ಣು ಮುಚ್ಚಿ ಇನ್ನೊಂದು ಸಲ ಎಳೆದಳು. ಮೊಬೈಲು ಕ್ಲಿಕ್ ಅಂದಿತು. ಹೊರಟಿತು. ಲೇತಿನ ಮೇಲಿದ್ದ ಕುಂಕುಮವೆಲ್ಲ ಎದ್ದು ಅವಳ ಮುಖಕ್ಕೆ ಹಾರಿತು. ಒರೆಸಿಕೊಳ್ಳಲೂ ಇಲ್ಲ, ಉಳಿ ಹಿಡಿದಳು. ಮರ ಬುಗುರಿಯಾಯಿತು. ಕೆಂಪು ಅರಗಿನ ಕಡ್ಡಿ ಒತ್ತಿದಳು, ಅರಗು ಕರಗಿ ಬಣ್ಣ ಹತ್ತಿತು. ತಾಳೆಗರಿಯಲ್ಲಿ ಉಜ್ಜಿದಳು, ಹೊಳೆಯಿತು. ಹೊಟ್ಟು ರಂಗೋಲಿಯ ಮೇಲೂ ಅಧಿಕಾರಿಯ ಬೂಟಿನ ಮೇಲೂ ಬಿತ್ತು.

"ದಿನಾ ಹಿಂಗೇ ಎಳೀತೀರಾ?"

"ತಾನಾಗೇ ಹೊಂಟಿದ್ರೆ ನಿಮ್ಮನ್ನ ಯಾಕ್ ಕರೀತಿದ್ವು ಸ್ವಾಮಿ?" ಎಂದೆ ನಾನು.

ಅವನು ಬರೆದುಕೊಂಡು ಹೋದ. ಸೊಸೆ ಎರಡೂ ಕೈ ಬಿಡಿಸಿ ನೋಡಿಕೊಳ್ಳುತ್ತಾ ಕೂತಳು.

"ಎಣಿಸ್ಕೋ, ಎಲ್ಲಾ ಅವೆ," ಎಂದೆ.

"ಸುಮ್ಕಿರಿ ಅತ್ತೆ," ಎಂದು ಅತ್ತಳು. ನಾನು ಹಾಲು ಕಾಯಿಸಲು ಒಳಗೆ ಹೋದೆ.

ಮಾರನೆಯ ದಿನ ನಮ್ಮ ವಾರ್ಡಿನ ಮೆಂಬರು ಮನೆಗೇ ಬಂದರು. ಮೀಟಿಂಗಿನಲ್ಲಿ ನಮ್ಮವರಿಗೆ ಕೊಡಿ, ನಮ್ಮವರಿಗೆ ಕೊಡಿ ಎಂದು ಕಿತ್ತಾಟವಾಯಿತಂತೆ. ಅಧಿಕಾರಿ ಮೊಬೈಲಿನ ಫೋಟೋ ತೋರಿಸಿದನಂತೆ, ಬೆಲ್ಟಿಗೆ ಕೈ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದ ನಮ್ಮ ಸೊಸೆಯದು. "ಆಮೇಲೆ ಯಾರೂ ಉಸಿರೆತ್ತಲಿಲ್ಲ ಕಣವ್ವ, ಆಯ್ತು ನಿಮ್ದು," ಎಂದರು.

ಹೊಸ ಮೋಟಾರು ಬಂದಿದೆ. ಸ್ವಿಚ್ ಹಾಕಿದರೆ ತಾನಾಗಿ ತಿರುಗುತ್ತದೆ. ಈ ಸಲ ಆಯುಧಪೂಜೆಗೆ ಸೊಸೆ ಮತ್ತೆ ಹಾರ ಹಾಕಿದಳು. ಆರ್ಡರಿನವನು ಬೆಳಿಗ್ಗೆಯಿಂದ ಫೋನ್ ಮಾಡುತ್ತಲೇ ಇದ್ದ. ನಾನೇ ಎತ್ತಿ, ನಾಳೆ ಬಾ ಎಂದೆ.