ಶಾಕ್ ಹೊಡೆಯುವ ಸ್ವಿಚ್ಚು ಮತ್ತು ನನ್ನ ಮೊದಲ ಜಾಝ್ ರೆಕಾರ್ಡ್

ಸೂಜಿ ಇಟ್ಟೆ. ನಮ್ಮ ಮೇಡಂ ಹಾಡಬೇಕಾದ ಜಾಗದಲ್ಲಿ ಯಾವನೋ ಗಂಡಸು ಹಾಡತೊಡಗಿದ.

ಅದೂ ಎಳೆದು ಎಳೆದು, ಜ್ವರ ಬಂದು ಮಲಗಿದವನ ಹಾಗೆ. ಹಿಂದೆ ಸ್ಯಾಕ್ಸೋಫೋನು ಅಳುತ್ತಿದೆ.

ಕಳೆದ ಭಾನುವಾರದ ಮಾತಿದು. ತವರಿನಿಂದ ತಂದಿದ್ದ ಹಳೇ ಪ್ಲೇಯರ್ ಕೆಟ್ಟು ವರ್ಷಗಳಾಗಿದ್ದವು, ಆನ್‌ಲೈನ್‌ನಲ್ಲಿ ಹೊಸದು ತರಿಸಿದ್ದೆ. ಮೊದಲು ಹಾಕುವುದು ನಾನು ಕೊಂಡ ಮೊದಲ ಜಾಝ್ ರೆಕಾರ್ಡನ್ನೇ ಅಂತ ಹಟ ಬೇರೆ.

ಮೇಡಂ ಅಂದರೆ ಆ ರೆಕಾರ್ಡಿನ ಗಾಯಕಿ. ಹೆಸರು ಗೊತ್ತಿಲ್ಲ. ಕವರ್ ಇರಲಿಲ್ಲ, ಲೇಬಲ್ಲಿನಲ್ಲಿ ಹೆಸರಿದ್ದ ಜಾಗಕ್ಕೆ ಯಾರೋ ಇಂಕು ಚೆಲ್ಲಿದ್ದರು.

ನನ್ನ ಲೆಕ್ಕದಲ್ಲಿ ಆಕೆ ಬಾಬ್ ಕಟ್ ಮಾಡಿಸಿಕೊಂಡ, ಯಾರಿಗೂ ಕೇರ್ ಮಾಡದ ಹೆಂಗಸು. ಇಷ್ಟು ವರ್ಷ ನನ್ನ ಕಷ್ಟ ಸುಖವನ್ನೆಲ್ಲ ಅವಳ ಹತ್ತಿರವೇ ಹೇಳಿಕೊಂಡಿದ್ದೇನೆ.

ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ತಕ್ಷಣ ಫೋನ್ ತೆಗೆದು ಒಂದು ಸ್ಟಾರ್ ಕೊಟ್ಟೆ, ರಿಟರ್ನ್ ಒತ್ತಿದೆ.

ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ತಟ್ಟೆ ಮ್ಯಾಲೆ ಮೂವತ್ಮೂರು ಅಂತ ಐತೆ, ನಿಮಿಷಕ್ಕೆ ಅಷ್ಟು ಸುತ್ತು ಅಂತ. ಮಷಿನ್ನೂ ಮೂವತ್ಮೂರಕ್ಕೇ ಐತೆ. ಅದು ಸರಿಯಾಗೇ ಹಾಡ್ತಾ ಐತೆ, ನೀನೇ ತಪ್ಪು ಕೇಳಿದ್ದಿ."

ಆ ಮೂವತ್ಮೂರನ್ನು ನಾನೂ ಎಷ್ಟೋ ಸಲ ನೋಡಿದ್ದೆ. ರೆಕಾರ್ಡಿನ ನಂಬರ್ ಇರಬೇಕು ಅಂದುಕೊಂಡಿದ್ದೆ.

ಅವರು ಸ್ಪೀಡ್ ಸ್ವಿಚ್ಚನ್ನು ನಲವತ್ತೈದಕ್ಕೆ ತಿರುಗಿಸಿದರು. ತಟ್ಟೆ ಜೋರಾಗಿ ತಿರುಗಿತು... ಮೇಡಂ ಬಂದಳು. ಅದೇ ಚುರುಕು, ಅದೇ ಕುಣಿತ.

ಮತ್ತೆ ಮೂವತ್ಮೂರು. ಮೇಡಂ ಹೋದಳು, ಗಂಡಸು ಬಂದ.

ಅಂದರೆ ಮೇಡಂ ಅನ್ನುವವಳು ಇರಲೇ ಇಲ್ಲ.

ಈ ರೆಕಾರ್ಡ್ ಕೊಂಡಾಗ ನಾವು ಹರಿಹರದಲ್ಲಿದ್ದೆವು, ನನಗೆ ಇಪ್ಪತ್ತೆರಡು. ವೀಳ್ಯ ಶಾಸ್ತ್ರ ಮುಗಿದು ಸೀರೆಯನ್ನೂ ಆರಿಸಿ ಆದ ಮೇಲೆ ಗಂಡಿನ ಕಡೆಯವರು ಬೇಡ ಅಂದುಬಿಟ್ಟಿದ್ದರು.

ಕೋಣೆ ಸೇರಿದವಳು ನಾನು ಹೊರಗೇ ಬರುತ್ತಿರಲಿಲ್ಲ. ಊಟ ಬೇಡ, ಮಾತು ಬೇಡ. ಒಂದೊಂದು ದಿನ ಬದುಕೂ ಬೇಡ ಅನ್ನಿಸುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಅಪ್ಪಾಜಿ ಪೋಸ್ಟಾಫೀಸಿನಲ್ಲಿದ್ದರು. ಕನ್ನಡಕದ ನೆಪ ಮಾಡಿ ನನ್ನನ್ನು ದಾವಣಗೆರೆಗೆ ಎಳೆದುಕೊಂಡು ಹೋದರು. ಅಲ್ಲೊಂದು ಗುಜರಿ ಅಂಗಡಿಯಲ್ಲಿ ಈ ದೊಡ್ಡ ತಟ್ಟೆ ಕಂಡಿತು.

ಜಾಝ್ ಅಂದರೇನು ಅಂತ ಕೇಳಿದ್ದಕ್ಕೆ ಅಂಗಡಿ ಸಾಬರು, "ಲಗ್ನದಾಗ ಬಾರಿಸ್ತಾರಲ್ರಿ ಬ್ಯಾಂಡ್ ಸೆಟ್ಟು, ಅಂಥದ್ದೇ" ಅಂದರು.

ಲಗ್ನವಂತೂ ಮುರಿಯಿತು, ಬ್ಯಾಂಡ್ ಸೆಟ್ಟಾದರೂ ಮನೆಗೆ ಬರಲಿ ಅಂತ ಹೊಟ್ಟೆಯುರಿಗೆ ಕೊಂಡೆ. ನನ್ನ ಜಾಝ್ ಪ್ರೇಮ ಶುರುವಾಗಿದ್ದು ಹೀಗೆ.

ಮರುದಿನ ಬೆಳಿಗ್ಗೆ ಪಡಸಾಲೆಯಿಂದ ಹಾಡು ಕೇಳಿಸಿತು. ಹೊರಗೆ ಬಂದು ನೋಡಿದರೆ ಅಪ್ಪಾಜಿ ಬನಿಯನ್ನಿನಲ್ಲಿ, ಹೆಗಲ ಮೇಲೆ ಟವೆಲ್ಲು, ಹೆಜ್ಜೆ ಹಾಕುತ್ತಿದ್ದಾರೆ.

ಜೀವಮಾನದಲ್ಲಿ ಹಾಡಿಗೆ ತಲೆ ಕೂಡ ಆಡಿಸಿದವರಲ್ಲ ಅವರು. ನಾನು ನಕ್ಕುಬಿಟ್ಟೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು ಅವತ್ತೇ.

ಪ್ಲೇಯರಿನ ಸ್ಪೀಡ್ ಸ್ವಿಚ್ಚಿಗೆ ಹೊಸದಾಗಿ ಕೆಂಪು ಅರಗು ಮೆತ್ತಿತ್ತು, ಪಾರ್ಸಲ್ಲಿಗೆ ಸೀಲ್ ಹಾಕುತ್ತಾರಲ್ಲ, ಆ ಅರಗು. "ಅದನ್ನ ಮುಟ್ಟಬ್ಯಾಡ, ಶಾಕ್ ಹೊಡೀತೈತೆ" ಅಂದರು ಅಪ್ಪಾಜಿ.

ಮನೆಯಲ್ಲಿದ್ದ ಮಿಕ್ಕವೆಲ್ಲ ನಲವತ್ತೈದಕ್ಕೇ ತಿರುಗುವ ಸಣ್ಣ ಸಿನಿಮಾ ತಟ್ಟೆಗಳು. ಹಾಗಾಗಿ ನನಗೆ ಯಾವತ್ತೂ ಅನುಮಾನ ಬರಲಿಲ್ಲ.

ಈಗ ಆ ಅರಗು ನೆನಪಾಗಿದ್ದೇ ತಡ, ದಾವಣಗೆರೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಿಂದ ಪ್ಲೇಯರು, ರೆಕಾರ್ಡು ಎರಡನ್ನೂ ಹೊತ್ತುಕೊಂಡು ಹರಿಹರದ ತಮ್ಮನ ಮನೆಗೆ ಹೊರಟೆ. ಅಪ್ಪಾಜಿ ಈಗಿಲ್ಲ. ಅವ್ವ ಅಲ್ಲೇ ಇದ್ದಾಳೆ.

ಶೇಂಗಾ ಸುಲಿಯುತ್ತಾ ಕೂತಿದ್ದಳು. ಅವಳ ಎದುರಿಗೇ ಮೂವತ್ಮೂರಕ್ಕೆ ಹಾಕಿದೆ.

ಅವ್ವ ಬೆಚ್ಚುತ್ತಾಳೆ ಅಂದುಕೊಂಡಿದ್ದೆ. ಕೈ ಕೂಡ ನಿಲ್ಲಿಸಲಿಲ್ಲ.

"ಇದೇ ಅದರ ಖರೇ ದನಿ. ನಂಗೆ ಆವತ್ತೇ ಗೊತ್ತು."

ನಾನು ಸೂಜಿ ಎತ್ತಿದೆ. ಅವಳೇ ಮುಂದುವರಿಸಿದಳು.

"ನೀನು ಮಲಗಿದ್ದಿ. ನಸುಕಿನಾಗ ಎದ್ದು ನಿಮ್ಮಪ್ಪಾಜಿ ಸಣ್ಣಗೆ ಹಚ್ಚಿ ನೋಡಿದ್ರು. ಬ್ಯಾಂಡ್ ಸೆಟ್ಟು ಅಂದಿದ್ರಲ್ಲ, ನೋಡಿದ್ರೆ ಸತ್ತೋರ ಮನೆ ಅಳು ಇದ್ದಂಗಿತ್ತು. ಇದನ್ನ ಕೇಳಿದ್ರೆ ನನ್ನ ಕೂಸು ಉಳಿಯಲ್ಲ ಅಂತ ಅತ್ರು. ಆಮ್ಯಾಲೆ ಸ್ವಿಚ್ ತಿರುವಿ ಅರಗು ಕಾಸಿ ಹುಯ್ದ್ರು."

ಉಳಿಯಲ್ಲ...

ನಾನು ಯಾರಿಗೂ ಹೇಳದೆ ಬಚ್ಚಿಟ್ಟಿದ್ದು ಅಪ್ಪಾಜಿಗೆ ಗೊತ್ತಿತ್ತು.

ಅವತ್ತಿನ ಆ ಕುಣಿತ ಖುಷಿಯದ್ದಲ್ಲ. ಹೆಜ್ಜೆ ಹಾಕುತ್ತಲೇ ಅವರು ನನ್ನ ಕೋಣೆಯ ಬಾಗಿಲನ್ನು ನೋಡುತ್ತಿದ್ದರು, ಈಗ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಗುತ್ತಿದೆ.

ಕಷ್ಟಕಾಲದಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಮೇಡಂ ಅಂತ ಇಲ್ಲೇ ಪೋಸ್ಟ್ ಹಾಕಿದ್ದೆ, ನೀವೂ ಲೈಕ್ ಒತ್ತಿದ್ದಿರಿ. ಅಪ್ಪಾಜಿಯ ಎದುರಿಗೂ ಎಷ್ಟೋ ಸಲ ಹಾಗೇ ಹೇಳಿದ್ದೆ. ಅವರು ಹೂಂ ಅನ್ನುತ್ತಿದ್ದರು, ಅಷ್ಟೇ.

ರಿಟರ್ನ್ ಕ್ಯಾನ್ಸಲ್ ಮಾಡಿದ್ದೇನೆ. ಪಾಪದ ಮಷಿನ್ನಿಗೆ ಐದು ಸ್ಟಾರನ್ನೂ ಕೊಟ್ಟಿದ್ದೇನೆ.

ಅವತ್ತಿನಿಂದ ರೆಕಾರ್ಡು ಪ್ಲೇಯರಿನ ಮೇಲೇ ಇದೆ, ಸ್ವಿಚ್ಚಿಗೆ ಕೈ ಹೋಗುತ್ತಿಲ್ಲ. ಅಪ್ಪಾಜಿ ಸುಳ್ಳು ಹೇಳಿರಲಿಲ್ಲ, ಅದು ಶಾಕ್ ಹೊಡೆಯುತ್ತದೆ.

ನೀವೇ ಹೇಳಿ, ಈ ಹಾಡನ್ನು ಅದು ಇದ್ದ ಹಾಗೆ ಕೇಳಲಾ, ಅಪ್ಪಾಜಿ ಕೇಳಿಸಿದ ಹಾಗೆ ಕೇಳಲಾ?