ಅಫ್ಸರ್ ಪಾಷಾ ಈಜು ಕಲಿತದ್ದು

ಗುಳು, ಗುಳು, ಗುಳು.

ಬೋಗುಣಿ ನೀರಿನಲ್ಲಿ ಸೈಕಲ್ ಟ್ಯೂಬನ್ನು ಅದ್ದಿ ತಿರುಗಿಸುತ್ತಿದ್ದ ಅಫ್ಸರ್ ಪಾಷಾ ಸದ್ದು ಬಂದ ಕಡೆ ತಟ್ಟನೆ ಬೆರಳೊತ್ತಿದ. ಮದ್ದೂರಿನ ಅವನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ದಿನ ಶುರುವಾಗುತ್ತಿದ್ದದ್ದೇ ಹೀಗೆ. ತೂತು ಹುಡುಕಲು ಪಾಷಾನಿಗೆ ಕಣ್ಣು ಬೇಡ, ಕಿವಿ ಸಾಕು ಎನ್ನುತ್ತಿದ್ದರು ಜನ.

ನೀರಿನೊಂದಿಗೆ ಅವನ ನಂಟು ಆ ಬೋಗುಣಿಯಷ್ಟೇ ಆಗಿತ್ತು. ಹಿಂದಿನ ವರ್ಷ ವೈದ್ಯನಾಥಪುರದ ಬಳಿ ಶಿಂಷೆಯಲ್ಲಿ ಬಟ್ಟೆ ಜಾಲಿಸುತ್ತಿದ್ದ ಮಗಳು ಅಜೀಜಾ ಕಾಲು ಜಾರಿ ಸೆಳವಿಗೆ ಸಿಕ್ಕಾಗ, ದಡದಲ್ಲಿ ನಿಂತು ಕೂಗುವುದಷ್ಟೇ ಅವನಿಂದಾಯಿತು. ಹಾರಿ ಎಳೆದು ತಂದವನು ಹರಿಗೋಲು ನಡೆಸುವ ಮುದುಕ ಮಾದಯ್ಯ.

"ನಿನಗೆ ಏನು ಕೊಡ್ಲಿ ಮಾದಣ್ಣ?" ಎಂದು ಪಾಷಾ ಕಾಲು ಹಿಡಿಯಹೋದ.

"ಏನೂ ಬ್ಯಾಡ ಬುಡು. ಈಜು ಕಲ್ತ್ಕೊ. ನಾನೆಷ್ಟು ದಿನ ಇದ್ದೇನು?"

ಹಾಗಾಗಿ ೧೯೪೩ರಲ್ಲಿ, ತನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ಶುಕ್ರವಾರದ ಬೆಳಿಗ್ಗೆಗಳಲ್ಲಿ ಪಾಷಾ ಹೊಳೆಗಿಳಿದ. ಯುದ್ಧದಿಂದಾಗಿ ಟ್ಯೂಬು ಸಿಗುವುದೇ ಕಷ್ಟ. ಇದ್ದುದನ್ನು ತೇಲಲು ಬಳಸುವ ಮನಸ್ಸಾಗಲಿಲ್ಲ. ಮಾದಯ್ಯ ತನ್ನ ಬೇಲಿಯ ಒಣ ಸೋರೆಬುರುಡೆಗಳನ್ನು ಅವನ ಬೆನ್ನಿಗೆ ಕಟ್ಟಿದ. ಮೂರು ಬುರುಡೆಯಲ್ಲಿ ಬಟ್ಟೆಗಲ್ಲಿನವರೆಗೆ, ಎರಡರಲ್ಲಿ ಬಾಗಿದ ಹೊಂಗೆಮರದವರೆಗೆ, ಕಡೆಗೆ ಬರಿಬೆನ್ನಲ್ಲಿ ನಡುಹೊಳೆಯ ಬಂಡೆಗೆ. ಈ ಗುರಿಗಳನ್ನು ಪಾಷಾ ತಾನೇ ಹಾಕಿಕೊಂಡಿದ್ದ. ಒಂದು ಬುರುಡೆಗೆ ಇಳಿದವನು ಎರಡು ತಿಂಗಳಾದರೂ ಅದನ್ನು ಬಿಚ್ಚಲಿಲ್ಲ.

"ಎಂಡ್ತಿನಾದ್ರೂ ಇಂಗೆ ತಬ್ಕೊಂಡಿದ್ಯೋ ಇಲ್ವೋ!" ಎಂದು ಮಾದಯ್ಯ ನಗುತ್ತಿದ್ದ.

ಒಂದು ಶುಕ್ರವಾರ, ಅಜೀಜಾ ದಡದಲ್ಲಿ ನೋಡುತ್ತಿದ್ದಂತೆ, ಮಾದಯ್ಯ ಕಟ್ಟಿದ ಒಂದೇ ಬುರುಡೆಯೊಂದಿಗೆ ಪಾಷಾ ಬಂಡೆಯತ್ತ ಹೊರಟ. ಹಿಂದೆಯೇ ಮಾದಯ್ಯನ ಹರಿಗೋಲು. ಅರ್ಧ ದಾರಿಯಲ್ಲಿ ಬೆನ್ನ ಮೇಲೆ ಆ ಸದ್ದು ಕೇಳಿತು: ಗುಳು, ಗುಳು.

ಕೈ ತಾನಾಗಿ ಹಿಂದಕ್ಕೆ ಹೋಯಿತು. ಈಜು ನಿಂತಿತು, ಬಾಯಿಗೆ ನೀರು ನುಗ್ಗಿತು. ದಡದಿಂದ ಅಜೀಜಾ "ಅಬ್ಬಾಜಾನ್!" ಎಂದು ಕೂಗಿದಳು. ಹಿಂದೊಮ್ಮೆ ತಾನು ಕೂಗಿದ್ದೂ ಅಲ್ಲಿಂದಲೇ. ಬದುಕಿನಲ್ಲಿ ಮೊದಲ ಸಲ ಪಾಷಾ ಒಂದು ತೂತನ್ನು ಅದರ ಪಾಡಿಗೆ ಬಿಟ್ಟು, ಎರಡೂ ಕೈಗಳನ್ನು ನೀರಿಗೆ ಕೊಟ್ಟ.

ಬಂಡೆ ಹತ್ತಿ, ಏದುಸಿರು ಬಿಡುತ್ತಾ ಬುರುಡೆಯನ್ನು ಬಿಚ್ಚಿ ನೋಡಿದ. ಚಾಕುವಿನಿಂದ ಕೊರೆದ ಗುಂಡು ತೂತು. ಅಂಚಿನಲ್ಲಿ ಹಸಿ ಜೇಡಿಮಣ್ಣು.

"ಮಾದಣ್ಣ, ನೀನಾ?"

"ನಾನೇ ಕಣಪ್ಪ," ಹರಿಗೋಲನ್ನು ಬಂಡೆಗೆ ತಾಗಿಸಿದ ಮಾದಯ್ಯ. "ಮಣ್ಣು ಮೆತ್ತಿದ್ದೆ, ನಡುನೀರ್ನಲ್ಲಿ ಕರಗ್ಲಿ ಅಂತ. ಮುಳುಗಿದ್ರೆ ಎತ್ಕೊಳಕ್ಕೆ ನಾನಿರ್ಲಿಲ್ವಾ? ಊರೋರ ತೂತೆಲ್ಲ ಹುಡುಕ್ತೀಯ, ಇದ್ನ ನೋಡ್ಕೊಬಾರ್ದಾ?"

"ನೀನು ಕಟ್ಟಿದ್ದು ಅಂತ ನೋಡ್ಲಿಲ್ಲ."

ಮಾದಯ್ಯ ಹರಿಗೋಲಿನಲ್ಲಿ ಸರಿದು ಜಾಗ ಮಾಡಿದ. "ಸರಿ, ಅರಿಗೋಲು ಅತ್ತು. ಸುಸ್ತಾಗಿದ್ದೀಯ. ಮುಂದಿನ ಸುಕ್ರವಾರ ಬ್ಯಾರೆ ಬುರುಡೆ ತತ್ತೀನಿ, ತೂತಿಲ್ದಿರೋದು. ಆಮೇಲೆ ಆಚೆ ದಡಕ್ಕೆ..."

ಪಾಷಾ ಬುರುಡೆಯನ್ನು ಹರಿಗೋಲಿನೊಳಗಿಟ್ಟ. ಮುದುಕನ ಒದ್ದೆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡ. ಮಾದಯ್ಯ ಇನ್ನೂ ಆಚೆ ದಡದ ಮಾತಾಡುತ್ತಿದ್ದಂತೆಯೇ, ಬರಿಬೆನ್ನಲ್ಲಿ ಬಂಡೆಯಿಳಿದು, ಮಗಳು ನಿಂತಿದ್ದ ದಡದ ಕಡೆ ಈಜತೊಡಗಿದ.